ಸೆಟ್ಟೇರಿದ ಪದ

ಇಬ್ಬರೂ ಪದಗಳನ್ನು ನಂಬಿ ಅನ್ನ ಉಣ್ಣುವವರು. ಹಿರಿಯರು ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದವರು. ಬೆಂಗಳೂರಿನಲ್ಲಿ ಬೇರು ಬಿಟ್ಟಿದ್ದರೂ ಧಾರವಾಡದ ಮಾತು ಬಿಟ್ಟಿಲ್ಲ. ತರುಣಿ ಫೋನು, ಗಡಿಯಾರಗಳ ಪರದೆ ಮೇಲಿನ ಇಂಗ್ಲಿಷನ್ನು ಕನ್ನಡಕ್ಕೆ ತರುವ ಕೆಲಸದವಳು. ಅವಳ ಲ್ಯಾಪ್‌ಟಾಪಿನ ಕೋಷ್ಟಕದಲ್ಲಿ ಮೂರು ಸಾಲುಗಳ ಕನ್ನಡದ ಜಾಗ ಖಾಲಿ ಉಳಿದಿದೆ. ಮೂರರಲ್ಲೂ ಇರುವುದು ಒಂದೇ ಪದ: ‘ಸೆಟ್’. ಹಿಂದೆ ಮುಂದೆ ಏನೂ ಇಲ್ಲ.

ಹಿರಿಯರು: ಇದರಾಗ ಅಷ್ಟು ಯೋಚನೆ ಮಾಡೋದೇನದ? ‘ಹೊಂದಿಸಿ’ ಅಂತ ಬರಿ, ಮುಗೀತು.

ತರುಣಿ: ಅಲಾರಂ ಆದರೆ ಹೊಂದಿಸಿ ಸರಿ. ಚೆಸ್ ಕಾಯಿಗಳ ಸೆಟ್ ಆಗಿದ್ದರೆ? ಅಥವಾ ‘ಅಲಾರಂ ಇಟ್ಟಾಯ್ತು’ ಅಂತ ಫೋನೇ ನಮಗೆ ತಿಳಿಸ್ತಿದ್ದರೆ? ಈ ಕ್ರಿಯಾಪದಕ್ಕೆ ಇಂಗ್ಲಿಷಿನಲ್ಲಿ ನಿನ್ನೆ ಇವತ್ತು ಅನ್ನೋ ಭೇದವೇ ಇಲ್ಲ ಸರ್. ಇಡು ಅಂದ್ರೂ ಸೆಟ್, ಇಟ್ಟೆ ಅಂದ್ರೂ ಸೆಟ್, ಇಟ್ಟಾಗಿದೆ ಅಂದ್ರೂ ಸೆಟ್. ನಮ್ಮಲ್ಲಿ ಪದದ ಬಾಲ ನೋಡಿದ್ರೇ ಗೊತ್ತಾಗುತ್ತೆ.

ಹಿರಿಯರು: ಹಂಗಂದ್ರ ನನ್ನ ವಾದ ನೀನ ಮಾಡಿದಿ. ಎಲ್ಲಾ ಅರ್ಥನೂ ಇರೋ ಪದಕ್ಕ ಯಾವ ಅರ್ಥನೂ ಇರೂದಿಲ್ಲ. ಒಟ್ಟು ಎಷ್ಟು ಅರ್ಥ ಅದಾವಂತ ಇದಕ್ಕ?

ತರುಣಿ: 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟದ್ದು. ಅದರಲ್ಲಿ ಸೆಟ್ ಅನ್ನೋ ಕ್ರಿಯಾಪದ ಒಂದಕ್ಕೇ ಸುಮಾರು 430 ಅರ್ಥ. ಆ ನಮೂದೇ 60,000 ಪದಗಳಷ್ಟು ಉದ್ದ. ಬಹಳ ವರ್ಷ ಅದೇ ದಾಖಲೆ. ಆಮೇಲೆ ಪರಿಷ್ಕಾರ ಮಾಡುವಾಗ ಪೀಟರ್ ಗಿಲಿವರ್ ಅನ್ನೋ ಸಂಪಾದಕರು ‘ರನ್’ ಮುಂದೆ ಕೂತರು. ಒಂಬತ್ತು ತಿಂಗಳು ಹಿಡೀತು. 645 ಅರ್ಥ ಹೊರಬಂತು. 2011ರಲ್ಲಿ ಅದು ಸುದ್ದಿಯಾಯ್ತು.

ಹಿರಿಯರು: ಒಂಬತ್ತು ತಿಂಗಳು! ಹಡೆಯೋ ಲೆಕ್ಕ ಆತಿದು. ನನಗೊಂದು ಸಂಶಯ. ಆ 645 ಅರ್ಥ ಇದ್ದೂವೋ, ಇವರು ಮಾಡಿದರೋ?

ತರುಣಿ: ಅಂದ್ರೆ?

ಹಿರಿಯರು: ಅಕ್ಕಸಾಲಿಗ ಉಂಗುರಕ್ಕ ಹರಳು ಕೂಡಿಸ್ತಾನ. ಇಂಗ್ಲಿಷಿನವರು ಅದಕ್ಕ ಸೆಟ್ ಅಂತಾರ. ಕೋಳಿನ್ನ ಕಾವಿಗೆ ಕೂಡಿಸ್ತೀವಿ, ಅದಕ್ಕೂ ಸೆಟ್. ಮುರಿದ ಎಲುವು ಕೂಡಿಸ್ತಾರ, ಅದೂ ಸೆಟ್. ನಿಘಂಟಿನವರು ಇವನ್ನ ಮೂರು ಅರ್ಥ ಅಂತ ಎಣಿಸ್ತಾರ. ನಮ್ಮ ಅವ್ವ ಎಣಿಸಿದ್ದರ ಒಂದ. ಏನನ್ನೋ ಎಲ್ಲೋ ಕೂಡಿಸೋದು.

ತರುಣಿ: ಅದು ನಿಜ. ಎಣಿಸೋರ ಕೈಯಲ್ಲೇ ಇದೆ. ಕೆಲವು ಸಂಪಾದಕರು ಸೀಳ್ತಾರೆ, ಕೆಲವರು ಸೇರಿಸ್ತಾರೆ. ಆ 430ರಲ್ಲಿ ಸೆಟ್ ಅಪ್, ಸೆಟ್ ಆಫ್, ಸೆಟ್ ಔಟ್, ಸೆಟ್ ಇನ್ ಎಲ್ಲ ಬರುತ್ತೆ. ಆದರೆ ಅದೇನು ಸರ್, ಈಗ ನೀವು ಹೇಳಿದ ಮೂರಕ್ಕೂ ‘ಕೂಡಿಸು’ ಅಂದ್ರಿ?

ಹಿರಿಯರು: ಮತ್ತೇನನ್ನಬೇಕು? ನೀವು ಕೂರಿಸು ಅಂತೀರಿ, ನಾವು ಕೂಡಿಸು ಅಂತೀವಿ. ಬಂದವರಿಗೆ ‘ಕೂಡ್ರಿ’ ಅಂತೀವಲ್ಲ. ಗಣಪತಿ ಕೂಡಿಸ್ತೀವಿ.

ತರುಣಿ: ಅದನ್ನೇ ಹೇಳ್ತಿದ್ದೀನಿ. ಸೆಟ್ ಹುಟ್ಟಿದ್ದೇ ಹಾಗೆ! ಹಳೆ ಇಂಗ್ಲಿಷಿನ ‘ಸೆಟ್ಟನ್’, ಕೂತ್ಕೋ ಅನ್ನೋ ‘ಸಿಟ್’ನ ಪ್ರೇರಣಾರ್ಥಕ ರೂಪ. ಕೂರು, ಕೂರಿಸು ಇದ್ದ ಹಾಗೆ ಸಿಟ್, ಸೆಟ್. ಹರಳಿಗೂ ಕೋಳಿಗೂ ಮೂಳೆಗೂ ಅವರ ಹಳ್ಳಿಯವರು, ನಮ್ಮ ಹಳ್ಳಿಯವರು ಒಬ್ಬರನ್ನೊಬ್ಬರು ಕೇಳದೇ ಒಂದೇ ದಾರಿ ಹಿಡಿದಿದ್ದಾರೆ.

ಹಿರಿಯರು: ಹೂಂ. ಇದು ನನಗ ಗೊತ್ತಿರಲಿಲ್ಲ. (ಸ್ವಲ್ಪ ಹೊತ್ತು ಸುಮ್ಮನಿದ್ದು) ಹಂಗಾದ್ರ ಒಂದು ಪ್ಲೇಟ್ ಸೆಟ್ ದೋಸೆಯೊಳಗ ಯಾರು ಯಾರನ್ನ ಕೂಡಿಸ್ಯಾರ?

ತರುಣಿ: ಅದು ಈ ಸೆಟ್ ಅಲ್ಲ ಸರ್. ಗುಂಪು, ಜೊತೆ ಅನ್ನೋ ಅರ್ಥದ ಸೆಟ್ ಬೇರೆ ಮನೆತನದ್ದು. ಲ್ಯಾಟಿನ್‌ನ ‘ಸೆಕ್ಟಾ’, ಅಂದರೆ ಹಿಂಬಾಲಕರ ಗುಂಪು, ಪಂಥ. ಅದು ಹಳೆ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ‘ಸೆಕ್ಟ್’ ಅನ್ನೋ ಪದವೂ ಅಲ್ಲಿಂದಲೇ. ಇಂಗ್ಲಿಷಿಗೆ ಬಂದ ಮೇಲೆ ಈ ಎರಡು ಸೆಟ್‌ಗಳು ಒಂದರೊಳಗೊಂದು ಬೆರೆತುಹೋದವು.

ಹಿರಿಯರು: ಅಂದ್ರ ಪ್ಲೇಟಿನ ಮ್ಯಾಲ ಮೂರು ಮೆತ್ತನ್ನ ದೋಸಿ ಒಂದು ಪಂಥ. ಸಾಗೂ ಅದರ ಗುರು.

ತರುಣಿ: ನಗಬೇಡಿ. ನಿಮ್ಮ ಕೂಡಿಸು ಕೂಡ ಹಾಗೇ ಇದೆ ಅಲ್ವಾ? ಗಣಪತಿ ಕೂಡಿಸೋದೂ ಕೂಡಿಸೋದೇ, ಎರಡು ಎರಡು ಕೂಡಿಸಿದರೆ ನಾಲ್ಕು ಅನ್ನೋದೂ ಕೂಡಿಸೋದೇ, ಹಣ ಕೂಡಿಸಿಡೋದೂ ಅದೇ. ಒಂದು ಕುಳಿತುಕೊಳ್ಳೋದರಿಂದ ಬಂದದ್ದು, ಇನ್ನೊಂದು ಸೇರೋದರಿಂದ. ಎರಡು ಬೇರು ಒಂದೇ ರೂಪಕ್ಕೆ ಬಂದು ನಿಂತಿವೆ. ಇಂಗ್ಲಿಷಿನ ಸೆಟ್‌ನಲ್ಲಿ ಆಗಿರೋದೂ ಅದೇ. ನಿಮ್ಮೂರಲ್ಲಿ ಯಾರಿಗಾದ್ರೂ ಅದರಿಂದ ಗೊಂದಲ ಆಗಿದೆಯಾ?

ಹಿರಿಯರು: ಯಾಕಾಗ್ತದ? ಗಣಪತಿ ಅಂದ ಕೂಡಲೇ ಯಾವ ಕೂಡಿಸೋದು ಅಂತ ಗೊತ್ತಾಗ್ತದಲ್ಲ.

ತರುಣಿ: ಪಕ್ಕದಲ್ಲಿ ಇನ್ನೊಂದು ಪದ ಇದ್ದರೆ ಸಾಕು. ಇಂಗ್ಲಿಷಿನವರೂ ಇಷ್ಟನ್ನೇ ಹೇಳ್ತಾರೆ.

ಹಿರಿಯರು: ಅಲ್ಲೇ ನಿಂದ್ರು. ಪಕ್ಕದ ಪದ ಇದ್ದೂ ಗೊಂದಲ ಆಗಿದ್ದನ್ನ ನಾ ನನ್ನ ಕೈಯಾರೆ ತಿದ್ದೀನಿ. ಕೆಳಗಿನ ಕೋರ್ಟಿನ ಆದೇಶನ್ನ ಹೈಕೋರ್ಟ್ ‘ಸೆಟ್ ಅಸೈಡ್’ ಮಾಡ್ತು ಅಂದ್ರ ರದ್ದು ಮಾಡ್ತು ಅಂತ ಅರ್ಥ. ನಮ್ಮ ಸುದ್ದಿಮನಿಗೆ ಹೊಸದಾಗಿ ಬಂದ ಹುಡುಗರು ತಪ್ಪದೇ ‘ಆದೇಶವನ್ನು ಬದಿಗಿರಿಸಿದೆ’ ಅಂತ ಬರಿಯೋರು. ಓದಿದವರು ಏನು ತಿಳೀಬೇಕು? ಸದ್ಯ ಬ್ಯಾಡ, ಆಮ್ಯಾಲೆ ನೋಡೋಣ ಅಂತ ಕೋರ್ಟು ಕಡತ ಪಕ್ಕಕ್ಕಿಟ್ಟದ ಅಂತ ತಿಳೀತಾರ. ವಜಾ ಆಗಿದ್ದ ಒಬ್ಬ ನೌಕರನ ವಜಾ ಆದೇಶ ರದ್ದಾಗಿರ್ತದ, ಪೇಪರ್ ಓದಿದ ಅವನ ಅಣ್ಣ ತಮ್ಮಂದಿರು ಕೇಸು ಇನ್ನೂ ನಡದದ ಅಂತ ಕೂತಿರ್ತಾರ. ಅದೇ ‘ಸೆಟ್ ಅಸೈಡ್’ ಮನಿಯೊಳಗ ಬಂದ್ರ ಮಗಳ ಮದುವಿಗೆ ರೊಕ್ಕ ತೆಗೆದಿಡೋದು. ಒಂದು ಕಡೆ ಇಲ್ಲದಂಗ ಮಾಡೋದು, ಇನ್ನೊಂದು ಕಡೆ ಜ್ವಾಕಿ ಮಾಡೋದು. ಇದಕ್ಕ ಸಮೃದ್ಧಿ ಅಂತಿ ಏನು?

ತರುಣಿ: ತಪ್ಪು ಸೆಟ್‌ದಾ, ಆ ಹುಡುಗರದ್ದಾ?

ಹಿರಿಯರು: ಇಬ್ಬರದೂ ಅನ್ನು. ಆದ್ರ ‘ರದ್ದು’ ಅನ್ನೋ ಪದ ಇದ್ದಲ್ಲಿ ಎಂಥ ಹುಡುಗನೂ ತಪ್ಪು ಮಾಡಂಗಿಲ್ಲ. ನಾ ಹೇಳೋದು ಇಷ್ಟ. ಒಂದು ಕೆಲಸಕ್ಕ ಒಂದು ಪದ ಇರೋ ಭಾಷಾ ಓದುಗನ್ನ ಕಾಯ್ತದ. ನಮ್ಮ ಕಡೆ ನೋಡು. ಎತ್ತು ಜೋಡಿ, ಕುರಿ ಹಿಂಡು, ಬಾಳೆಹಣ್ಣು ಚಿಪ್ಪು, ಎಲಿ ಕಟ್ಟು, ಹೂವು ಮೊಳ. ಎಲ್ಲಾದಕ್ಕೂ ಸೆಟ್ ಸೆಟ್ ಅನಕೋತ ಹೋದ್ರ ಇವೆಲ್ಲ ಎಲ್ಲಿಗೆ ಹೋಗ್ತಾವ?

ತರುಣಿ: ಒಂದು ಕೆಲಸಕ್ಕೆ ಒಂದು ಪದ? ಸರಿ, ‘ಹೊಡೆ’ ತಗೊಳ್ಳಿ. ಗಂಟೆ ಹೊಡೆಯುತ್ತೆ. ನಾವು ನಿದ್ದೆ ಹೊಡೀತೀವಿ, ಹರಟೆ ಹೊಡೀತೀವಿ, ಗೋಡೆಗೆ ಬಣ್ಣ ಹೊಡೀತೀವಿ, ಗಾಡಿ ಹೊಡೀತೀವಿ, ಕಣ್ಣು ಹೊಡೀತೀವಿ, ಡೇರೆ ಹೊಡೀತೀವಿ. ಕೊಳೆತದ್ದು ವಾಸನೆ ಹೊಡೆಯುತ್ತೆ, ಅದೃಷ್ಟ ಇದ್ದವನಿಗೆ ಲಾಟರಿ ಹೊಡೆಯುತ್ತೆ. ಇಷ್ಟರಲ್ಲಿ ಯಾರಿಗಾದ್ರೂ ಏಟು ಬಿತ್ತಾ?

ಹಿರಿಯರು: (ನಗುತ್ತ) ನಿನ್ನ ಮಾತು ನನಗ ಬಿತ್ತು ನೋಡು. ಆದ್ರ ಒಂದು ಫರಕು ಅದ. ಹೊಡೆ ಎಂದೂ ಒಂಟಿಯಾಗಿ ಬರಂಗಿಲ್ಲ. ನಿದ್ದಿ, ಗಂಟಿ, ಬಣ್ಣ ಅಂತ ಒಂದು ಕೈ ಹಿಡಕೊಂಡೇ ಬರ್ತದ. ಗುಂಡಿ ಮ್ಯಾಲ ಬರೇ ‘ಹೊಡೆ’ ಅಂತ ಬರದಿದ್ದನ್ನ ಎಲ್ಲಾದ್ರೂ ನೋಡಿಯಾ?

ತರುಣಿ: ಗುಂಡಿಗಳು ಬರೋವರೆಗೆ ಇಂಗ್ಲಿಷಿನವರೂ ಬರೀ ‘ಸೆಟ್’ ಅಂತ ಎಲ್ಲೂ ಬರೆದಿರಲಿಲ್ಲ ಸರ್. ಪದವನ್ನು ಒಂಟಿ ಮಾಡಿದ್ದು ಯಂತ್ರ. ಪರದೆಯ ಒಂದೊಂದು ತುಂಡನ್ನೂ ಬಿಡಿಸಿ ಕೋಷ್ಟಕಕ್ಕೆ ತುಂಬಿ ನಮಗೆ ಕಳಿಸ್ತಾರೆ. ಅದು ಯಾವ ಪರದೆಯಲ್ಲಿ, ಯಾವುದರ ಕೆಳಗೆ ಕೂತಿರುತ್ತೆ ಅನ್ನೋದು ಕಾಣಲ್ಲ. ಕೇಳಿ ಬರೆದರೆ ಉತ್ತರ ಬರೋಷ್ಟರಲ್ಲಿ ಗಡುವು ಮುಗಿದಿರುತ್ತೆ.

ಹಿರಿಯರು: ಅದನ್ನ ಒಪ್ಪಿದೆ. ಆದ್ರೂ ಇಷ್ಟು ಅರ್ಥದ ಪದ ಸಡಿಲ ಆಗಿರಲೇಬೇಕು. ಎಲ್ಲಾರ ಕಾಲಿಗೂ ಆಗೋ ಚಪ್ಪಲಿ ಯಾರ ಕಾಲಿಗೂ ಸರಿ ಕೂಡಂಗಿಲ್ಲ.

ತರುಣಿ: ಸಿಮೆಂಟಿನವರನ್ನು ಕೇಳಿ ನೋಡಿ. ಸಡಿಲ ಅಂದ್ರೆ ಜಗಳಕ್ಕೆ ಬರ್ತಾರೆ. ನಮ್ಮಪ್ಪ ಸಿವಿಲ್ ಕೆಲಸದವರು. ಚಿಕ್ಕವಳಿದ್ದಾಗ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಿದ್ದರು. ವಿಕಾ ಉಪಕರಣ ಅಂತ ಇರುತ್ತೆ. ಒಂದು ಮಿಲಿಮೀಟರ್ ಅಗಲದ ಚೌಕ ಸೂಜಿಯನ್ನು ಸಿಮೆಂಟಿನ ಕಲಸಿನ ಮೇಲೆ ಬಿಡ್ತಾರೆ. ಮೊದಮೊದಲು ತಳದವರೆಗೂ ಇಳಿಯುತ್ತೆ. ಹೊತ್ತು ಹೋದ ಹಾಗೆ ಇಳಿಯೋದು ಕಡಿಮೆ. ತಳಕ್ಕೆ ಸುಮಾರು 5 ಮಿಲಿಮೀಟರ್ ಇರುವಾಗಲೇ ಸೂಜಿ ನಿಂತರೆ ಆಗ ‘ಇನಿಶಿಯಲ್ ಸೆಟ್’. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟಿಗೆ ಅದು 30 ನಿಮಿಷಕ್ಕಿಂತ ಮೊದಲು ಆಗಬಾರದು. ‘ಫೈನಲ್ ಸೆಟ್’ 600 ನಿಮಿಷ ಮೀರಬಾರದು. ಭಾರತೀಯ ಮಾನಕದ ನಿಯಮ ಅದು.

ಹಿರಿಯರು: ಅದಕ್ಕ ‘ಗಟ್ಟಿಯಾಗೋದು’ ಅಂತ ಅನ್ನಲಿಕ್ಕೆ ಬರ್ತದಲ್ಲ.

ತರುಣಿ: ಬರಲ್ಲ. ಅದೇ ವಿಷಯ. ಸೆಟ್ ಆದ ಸಿಮೆಂಟ್ ಇನ್ನೂ ಗಟ್ಟಿಯಾಗಿರಲ್ಲ. ಉಗುರಲ್ಲಿ ಗೀರಿದರೆ ಗೆರೆ ಬೀಳುತ್ತೆ. ಕಲಸು ಹೋಗಿ ಆಕಾರ ಹಿಡಿಯೋದು ಸೆಟ್. ಬಲ ಬರೋದು ಆಮೇಲೆ, ಅದನ್ನು 28 ದಿನದ ಹೊತ್ತಿಗೆ ಅಳೀತಾರೆ. ಸೆಟ್ ಆಗೋದಕ್ಕೂ ಗಟ್ಟಿಯಾಗೋದಕ್ಕೂ ನಡುವೆ ಒಂದು ಇಡೀ ಶಾಸ್ತ್ರ ಇದೆ. ಮೇಸ್ತ್ರಿಗಳು ‘ಸೆಟ್ ಆಗಿದೆ, ತುಳಿಬೇಡಿ’ ಅಂತಾರೆ. ಗಟ್ಟಿಯಾಗಿದ್ರೆ ತುಳಿಬೇಡಿ ಅನ್ನಬೇಕಾಗೇ ಇರಲಿಲ್ಲ. ಆ ಕಸುಬಿನ ಒಳಗೆ ಅದಕ್ಕಿಂತ ಬಿಗಿಯಾದ ಪದ ಇಲ್ಲ.

ಹಿರಿಯರು: ಕಸುಬಿನ ಒಳಗ. ಅದ ಶಬ್ದಕ್ಕ ನಾನೂ ಬರ್ತೀನಿ. ವಕೀಲರ ಕಸುಬಿನೊಳಗ ‘ಸೆಟ್ ಅಸೈಡ್’ ಕೂಡ ಬಿಗಿನ ಅದ. ಕಸುಬಿನಿಂದ ಹೊರಗ ಬಂದು ಮಂದಿ ಬಾಯಿಗೆ ಬೀಳೋ ಹೊತ್ತಿನ್ಯಾಗ ಸಡಿಲ ಆಗ್ತದ. ನಾ ಜೀವನ ಕಳದಿದ್ದು ಆ ಬಾಗಲದಾಗ. ನಿನಗ ಸಿಮೆಂಟು ಗೊತ್ತದ, ಓದುಗಗ ಗೊತ್ತಿಲ್ಲ.

ತರುಣಿ: ಹಾಗಂತ ಅದಕ್ಕೆ ಬದಲು ಪದ ಹುಡುಕ್ತೀವಿ ಅಂದ್ಕೊಳ್ಳಿ. ಪರ್ಯಾಯ ಪದಗಳ ಕೋಶ ತೆಗೀತೀವಿ. ಪುಟ್, ಪ್ಲೇಸ್, ಲೇ, ಫಿಕ್ಸ್ ಅಂತ ಉದ್ದಕ್ಕೆ ಕೊಡುತ್ತೆ. ಊಟದ ಮೇಜು ಸಿದ್ಧ ಮಾಡೋದಕ್ಕೆ ‘ಸೆಟ್’ ಅನ್ನಬಹುದು, ‘ಲೇ’ ಅಂತಲೂ ಅನ್ನಬಹುದು, ಒಂದೇ. ಆದರೆ ಕೋಳಿ ಹತ್ತಿರ ಹೋದ ತಕ್ಷಣ ಎರಡೂ ಬೇರೆ. ಮೊಟ್ಟೆ ಇಡೋದು ‘ಲೇ’, ಅದೇ ಮೊಟ್ಟೆ ಮೇಲೆ ಕಾವಿಗೆ ಕೂರಿಸೋದು ‘ಸೆಟ್’. ಸಮಾನಾರ್ಥಕ ಅನ್ನೋದು ಒಂದು ಮೇಜಿನ ಮಟ್ಟಿಗೆ ಮಾತ್ರ ನಿಜ.

ಹಿರಿಯರು: ಇದನ್ನ ಅಮರಸಿಂಹ ಎಂದೋ ಕಂಡಿದ್ದ. ಇಂಗ್ಲಿಷಿನೊಳಗ ರೋಜೆಟ್ ಅಂತ ಒಬ್ಬ ವೈದ್ಯ ಪದಗಳನ್ನ ಅರ್ಥದ ಪ್ರಕಾರ ಗುಂಪು ಹಾಕಿ ಕೋಶ ಅಚ್ಚು ಹಾಕಿಸಿದ್ದು 1852ಕ್ಕ. ಅಮರಸಿಂಹನ ಸಂಸ್ಕೃತ ಅಮರಕೋಶ ಅದಕ್ಕಿಂತ ಶತಮಾನಗಳ ಹಿಂದಿಂದು. ಮರ ಗಿಡದ್ದು ವನೌಷಧಿವರ್ಗ, ಮೃಗಗಳದ್ದು ಸಿಂಹಾದಿವರ್ಗ, ಹಿಂಗ. ಮತ್ತ ಮೂರನೇ ಕಾಂಡದೊಳಗ ನಾನಾರ್ಥವರ್ಗ ಅಂತ ಬ್ಯಾರೇನ ಇಟ್ಟಾನ. ಅಲ್ಲಿ ‘ಹರಿ’ ನೋಡು. ವಿಷ್ಣು, ಇಂದ್ರ, ಯಮ, ಸೂರ್ಯ, ಚಂದ್ರ, ಗಾಳಿ, ಸಿಂಹ, ಕುದುರಿ, ಗಿಳಿ, ಹಾವು, ಮಂಗ್ಯಾ, ಕಪ್ಪಿ. ಎಲ್ಲಾ ಹರಿಯೇ.

ತರುಣಿ: ಅದಕ್ಕೆ ಕನ್ನಡದ ಹರಿ ಸೇರಿಸಿ. ಹೊಳೆ ಹರಿಯುತ್ತೆ, ಅಂಗಿ ಹರಿಯುತ್ತೆ, ಬೆಳಕು ಹರಿಯುತ್ತೆ, ಸಾಲ ಹರಿಯುತ್ತೆ.

ಹಿರಿಯರು: ಸಾಲ ಹರೀಬೇಕಾದ್ರ ಕಂತು ಕಟ್ಟಬೇಕು! (ಇಬ್ಬರೂ ನಗುತ್ತಾರೆ) ಹೌದಲ್ಲ, ಕಂತು! ಹೊತ್ತು ಕಂತೋದೂ ಕಂತು, ಸಾಲದ್ದೂ ಕಂತು. ನನ್ನ ಕೈಯಿಂದ ನನಗ ಕಟ್ಟಿಸಿಬಿಟ್ಟಿ ನೋಡು.

ತರುಣಿ: ಇನ್ನೊಂದಿದೆ ಸರ್. ‘ಸೆಟೆ’ ಅಂತ ನಮ್ಮದೇ ಪದ. ಸೆಟೆದು ನಿಂತ, ಮೈ ಸೆಟೆದುಕೊಂಡಿತು. ಬಿಗಿಯಾಗೋದು. ಸಿಮೆಂಟ್ ಸೆಟ್ ಆಗೋದೂ ಬಿಗಿಯಾಗೋದೇ. ಎಲ್ಲೋ ಹಿಂದೆ ಎರಡಕ್ಕೂ ನಂಟು...

ಹಿರಿಯರು: ಏ, ಬ್ಯಾಡ. ಅಲ್ಲಿಗೆ ಹೋಗಬ್ಯಾಡ. ಎರಡು ಪದ ಕಿವಿಗೆ ಹತ್ತಿರ ಕೇಳಿದ ಕೂಡಲೇ ಬೀಗಸ್ತನ ಬೆಳೆಸೋ ಚಟ ನಮ್ಮ ಮಂದಿಗೆ ಭಾಳ ಅದ. ಸೆಟೆ ದ್ರಾವಿಡದ್ದು, ಸೆಟ್ ಜರ್ಮನ್ ಬಳಗದ್ದು. ಕಾಕತಾಳೀಯ. ಇನ್ನ ಸ್ವಲ್ಪ ಹೊತ್ತು ಬಿಟ್ಟರ ಶೆಟ್ಟರ ಅಂಗಡಿಗೂ ಸೆಟ್‌ಗೂ ನಂಟು ಹಚ್ಚತಿ.

ತರುಣಿ: ಸರಿ, ಬಿಟ್ಟೆ. ಆದರೆ ಒಂದು ವಿಷಯ ಕಾಕತಾಳೀಯ ಅಲ್ಲ. ಸೆಟ್ಟೇರೋದು.

ಹಿರಿಯರು: ಅದನ್ನ ನಾ ತಿದ್ದಿ ತಿದ್ದಿ ಸಾಕಾಗಿತ್ತು. ‘ಹೊಸ ಚಿತ್ರ ಸೆಟ್ಟೇರಿತು.’ ಸಿನಿಮಾ ಪುಟ ಬಂದ್ರ ಅದೇ. ಹೊಡೆದುಹಾಕಿ ‘ಚಿತ್ರೀಕರಣ ಆರಂಭ’ ಅಂತ ಬರೀತಿದ್ದೆ.

ತರುಣಿ: ಮುಹೂರ್ತ ಆದ ದಿನವೂ ಸೆಟ್ಟೇರಿತು ಅಂತಾರಲ್ಲ ಸರ್, ಎಷ್ಟೋ ಸಲ ಆಗ ನಿಜವಾದ ಚಿತ್ರೀಕರಣ ಶುರುವೇ ಆಗಿರಲ್ಲ. ನೀವು ತಿದ್ದಿದ್ದರಿಂದ ಸುದ್ದಿ ತಪ್ಪಾಯ್ತು. ಆ ಪದ ಹೇಗೆ ಕಟ್ಟಿದೆ ನೋಡಿ. ಸೆಟ್ ಅನ್ನೋದು ಸೆಟ್ಟು ಆಯ್ತು, ಏರು ಸೇರಿತು, ಉಕಾರ ಲೋಪ ಆಯ್ತು. ಶುದ್ಧ ಲೋಪಸಂಧಿ. ಹಸೆಮಣೆ ಏರೋದು, ಕಟಕಟೆ ಏರೋದು, ಪಟ್ಟ ಏರೋದು ಇದ್ದ ಸಾಲಲ್ಲೇ ಹೋಗಿ ನಿಂತುಬಿಟ್ಟಿದೆ. ಇಂಗ್ಲಿಷಿನವರು ಸೆಟ್ ಮೇಲೆ ಹೋಗ್ತಾರೆ, ಇರ್ತಾರೆ. ಸಿನಿಮಾನೇ ಮದುಮಗನ ಹಾಗೆ ಸೆಟ್ ಏರಿಸಿದ್ದು ನಾವು. ‘ಈ ಬಣ್ಣ ನಿಂಗೆ ಸೆಟ್ ಆಗಲ್ಲ’, ‘ನಂಗೂ ಅವನಿಗೂ ಸೆಟ್ ಆಗಲ್ಲ’ ಅನ್ನೋದನ್ನೂ ಲಂಡನ್ನಿನಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗಲ್ಲ. ಅಲ್ಲಿ ಅದಕ್ಕೆ ‘ಸೂಟ್’ ಬೇಕು.

ಹಿರಿಯರು: ಹಂಗಾದ್ರ ಹೊಂದಲ್ಲ, ಒಪ್ಪಲ್ಲ, ಸರಿಬರಲ್ಲ, ಕೂಡಿಬರಲ್ಲ, ಜಮಾಸಂಗಿಲ್ಲ, ಇವೆಲ್ಲ ಏನಾದೂವು? ನಾಕೈದು ಬಣ್ಣ ತೆಗೆದು ಒಂದ ಬಣ್ಣ ಬಳದಿರಿ. ಬಣ್ಣ ಒಪ್ಪೂದಿಲ್ಲ ಅನ್ನೋದು ಬ್ಯಾರೆ, ಜಾತಕ ಕೂಡಿಬರೂದಿಲ್ಲ ಅನ್ನೋದು ಬ್ಯಾರೆ, ಮಂದಿಗೆ ಮಂದಿ ಹೊಂದೂದಿಲ್ಲ ಅನ್ನೋದು ಬ್ಯಾರೆ. ನಿನ್ನ ಸೆಟ್ಟೇರೋದನ್ನ ಒಪ್ತೀನಿ, ಅದು ಹೊಸಾದೊಂದು ತಂತು. ಸೆಟ್ ಆಗಲ್ಲ ಅನ್ನೋದು ಇದ್ದದ್ದನ್ನ ನುಂಗ್ತು.

ತರುಣಿ: ನುಂಗಿಲ್ಲ. ನಮ್ಮಜ್ಜಿ ಇನ್ನೂ ಒಪ್ಪಲ್ಲ ಅಂತಾರೆ.

ಹಿರಿಯರು: ಅಜ್ಜಿ ಅಂತಾರ. ನೀ ಅಂತಿಯೇನು?

(ತರುಣಿ ಉತ್ತರ ಹೇಳದೆ ಕಾಫಿ ಲೋಟ ಎತ್ತಿಕೊಳ್ಳುತ್ತಾಳೆ.)

ಹಿರಿಯರು: ಶಾಲಿ ಗಣಿತದೊಳಗ ಇದೇ ಸೆಟ್‌ಗೆ ‘ಗಣ’ ಅಂತ ಮಾಡಿದರು. ಭಾಳ ಚಂದ ಪದ. ಒಪ್ಪಿತಾ?

ತರುಣಿ: ಒಪ್ಪಿತು. ಆದರೆ ಅದು ಖಾಲಿ ಇದ್ದ ಮನೆಯಲ್ಲ. ಛಂದಸ್ಸಿನಲ್ಲಿ ಮಾತ್ರಾಗಣ, ಅಂಶಗಣ. ಶಿವನ ಹಿಂದೆ ಗಣ. ಜನವರಿ 26ಕ್ಕೆ ಗಣರಾಜ್ಯ. ಅಲ್ಲಿಗೆ ಗಣಿತದವರೂ ಬಂದು ಕೂತರು. ಇನ್ನು ಗಣಪತಿ ಕೂಡಿಸೋದು ಅಂದ್ರೆ ಲೆಕ್ಕಕ್ಕೆ ಸೆಟ್‌ಗಳ ಒಡೆಯನನ್ನು ಸೆಟ್ ಮಾಡೋದು.

ಹಿರಿಯರು: ಸಾಕು ಮಾರಾಯ್ತಿ! ನಿನ್ನ ಮೂರು ಸಾಲಿಗೆ ಬಾ. ಗಡುವು ಎಷ್ಟೊತ್ತಿಗೆ?

ತರುಣಿ: ಸಂಜೆಗೆ. ಮೊದಲ ಸಾಲಿನ ಮೇಲೆ ಕೆಳಗೆ ಅಲಾರಂ, ಟೈಮರ್ ಅಂತ ಇದೆ. ‘ಹೊಂದಿಸಿ’ ಹಾಕಿಬಿಡ್ತೀನಿ. ಎರಡನೇದು ಕಸರತ್ತಿನ ಆ್ಯಪ್ ಅನ್ನಿಸುತ್ತೆ. ಹತ್ತು ಬಸ್ಕಿ ಹೊಡೆದರೆ ಒಂದು ಸೆಟ್. ಅದನ್ನು ‘ಸೆಟ್’ ಅಂತಲೇ ಬಿಡ್ತೀನಿ.

ಹಿರಿಯರು: ‘ಸುತ್ತು’ ಅನ್ನಬಹುದು.

ತರುಣಿ: ವ್ಯಾಯಾಮದಲ್ಲಿ ರೌಂಡ್ ಬೇರೆ, ಸೆಟ್ ಬೇರೆ. ಜಿಮ್ಮಿಗೆ ಹೋಗೋರು ನನ್ನನ್ನು ಬೈತಾರೆ.

ಹಿರಿಯರು: ಗರಡಿಮನಿಯವರು ನಿನ್ನ ಬೈಯೂದಿಲ್ಲೇನು? ಹೋಗಲಿ, ಮೂರನೇದು?

ತರುಣಿ: ಅದು ಹವಾಮಾನದ ಪರದೆ ಇರಬೇಕು. ಮೇಲಿನ ಸಾಲಲ್ಲಿ ‘ರೈಸ್’ ಇದೆ. ಸೂರ್ಯ, ಚಂದ್ರ, ಗ್ರಹಗಳ ಹುಟ್ಟು ಮುಳುಗು. ‘ಮುಳುಗುವ ಸಮಯ’ ಅಂದ್ರೆ ಚೌಕದಲ್ಲಿ ಹಿಡಿಸಲ್ಲ. ತುಂಬಾ ಚಿಕ್ಕ ಜಾಗ.

ಹಿರಿಯರು: ಅದಕ್ಕ ಯಾಕ ತಲಿ ಕೆಡಿಸಿಕೊಳ್ತಿ? ಉದಯ, ಅಸ್ತ. ಎರಡೂ ಮೂರೇ ಅಕ್ಷರದೊಳಗ ಕೂಡ್ತಾವ. ಒಂದು ಅರ್ಥ, ಒಂದು ಪದ. ನಿನ್ನ ಸೆಟ್‌ನಂಗ ಊರೆಲ್ಲಾ ಅಡ್ಡಾಡೂದಿಲ್ಲ.

ತರುಣಿ: ಅಡ್ಡಾಡುತ್ತೆ ಸರ್. ಇದೇ ಆ್ಯಪಿನಲ್ಲಿ ಪಂಚಾಂಗದ ಪುಟವೂ ಇದೆ. ಅಲ್ಲಿ ‘ಶುಕ್ರ ಅಸ್ತ’ ಅಂದ್ರೆ ಶುಕ್ರ ಸೂರ್ಯನ ಬೆಳಕಲ್ಲಿ ಮರೆಯಾಗಿ ದಿನಗಟ್ಟಲೆ ಕಾಣದೇ ಇರೋದು. ಮದುವೆ ಮುಂಜಿ ಮಾಡಲ್ಲ. ಇಲ್ಲಿ ನಾನು ಶುಕ್ರನ ಕೆಳಗೆ ‘ಅಸ್ತ ರಾತ್ರಿ 8.10’ ಅಂತ ಹಾಕಿದ್ರೆ ಕಲ್ಯಾಣಮಂಟಪದ ಮುಂಗಡ ವಾಪಸ್ ಕೇಳೋಕೆ ಹೋಗ್ತಾರೆ ಜನ.

ಹಿರಿಯರು: ಹಂಗಾದ್ರ ಪಂಚಾಂಗದ್ದನ್ನ ಬದಲು ಮಾಡು. ಅದಕ್ಕ ಇನ್ನೊಂದು ಹೆಸರು ಅದ ಅಲ್ಲ, ‘ಶುಕ್ರಮೌಢ್ಯ’.

ತರುಣಿ: ಮೌಢ್ಯನಾ? 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ಅಂತಾನೇ ಎಲ್ಲರ ಬಾಯಲ್ಲಿತ್ತಲ್ಲ ಸರ್. ಪಂಚಾಂಗದ ಪುಟದ ಮೇಲೆ ನಾನೇ ‘ಮೌಢ್ಯ’ ಅಂತ ಬರೆದು ಕೊಟ್ಟರೆ ಕಂಪನಿಯವರು ನನ್ನನ್ನು ಕೆಲಸದಲ್ಲಿ ಇಟ್ಕೋತಾರಾ?